ರೇಖೆಯಲ್ಲಿ ಹುಟ್ಟುವ ಮಂದಿ

ಮುಸ್ಸಂಜೆಯ ಮಬ್ಬಿನಲ್ಲಿ ಬೀದಿಯ ಆ ತುದಿಯಿಂದ ಬರುತ್ತಿರುವವರು ಯಾರೆಂಬುದು, ಮುಖ ಕಾಣುವುದಕ್ಕೆ ಮೊದಲೇ ಮನೆಯವರಿಗೆ ತಿಳಿದುಹೋಗುತ್ತದೆ. ಎಡಭುಜವನ್ನು ತುಸು ಇಳಿಬಿಟ್ಟು, ಕೈಚೀಲವನ್ನು ಮೊಣಕಾಲಿಗೆ ತಾಗಿಸುತ್ತ ಬರುವವರು ಪಕ್ಕದ ಮನೆಯ ಮೇಷ್ಟ್ರು. ತಲೆಯನ್ನು ಮುಂದಕ್ಕೆ ಚಾಚಿ, ಕಾಲುಗಳು ಆಮೇಲೆ ಬಂದು ಸೇರಿಕೊಳ್ಳಲಿ ಎಂಬಂತೆ ನಡೆಯುವವರು ಹಿಂದಿನ ಬೀದಿಯ ವಕೀಲರು. ಬಲಗೈಯಿಂದ ಬುಟ್ಟಿಯನ್ನು ಸೊಂಟಕ್ಕೆ ಅವಚಿಕೊಂಡು, ಎಡಗೈಯನ್ನು ಬೀಸಿ ಬೀಸಿ ಬರುವವಳು ಹೂವಿನವಳು. ಬಟ್ಟೆಯ ಬಣ್ಣ ತಿಳಿಯದಿದ್ದರೂ, ದನಿ ಕೇಳದಿದ್ದರೂ ಈ ಗುರುತು ತಪ್ಪುವುದು ಅಪರೂಪ. ಮುಖವೆಂಬುದು ಗುರುತಿನ ಕೊನೆಯ ಮುದ್ರೆ ಮಾತ್ರ. ಅದಕ್ಕೆ ಮೊದಲು ಆಕಾರ, ನಿಲುವು, ನಡಿಗೆ ಇವೆಲ್ಲವೂ ಸಾಕ್ಷಿ ಹೇಳಿ ಮುಗಿಸಿರುತ್ತವೆ. ಈ ವಿದ್ಯೆ ಎಲ್ಲರಲ್ಲಿಯೂ ಇದೆ. ಆದರೆ ಇದೆಯೆಂಬ ಅರಿವು ಇರುವವರು ವಿರಳ. ಅದನ್ನು ಅರಿತು, ಪಳಗಿಸಿ, ಅದರಿಂದಲೇ ಅನ್ನ ಸಂಪಾದಿಸುವ ವೃತ್ತಿಯೊಂದು ಲೋಕದಲ್ಲಿದೆ.

ಆ ವೃತ್ತಿಯವರನ್ನು ‘ಕ್ಯಾರೆಕ್ಟರ್ ಡಿಸೈನರ್’ ಎಂದು ಕರೆಯುವುದು ರೂಢಿ. ಕನ್ನಡದಲ್ಲಿ ಪಾತ್ರಶಿಲ್ಪಿ ಎಂದರೆ ತಪ್ಪಾಗಲಾರದು. ಮಕ್ಕಳು ಊಟ ಮರೆತು ನೋಡುವ ಆನಿಮೇಷನ್ ಚಿತ್ರ, ರಜೆಯಲ್ಲಿ ಕೈಯಿಂದ ಕೈಗೆ ಹೋಗುವ ಚಿತ್ರಕಥೆಯ ಪುಸ್ತಕ, ವಿಡಿಯೋ ಆಟ, ಬೆಣ್ಣೆಯಿಂದ ಬಣ್ಣದ ಡಬ್ಬಿಯವರೆಗಿನ ಜಾಹೀರಾತು, ಇವುಗಳಲ್ಲಿ ಕಾಣುವ ಪ್ರತಿಯೊಬ್ಬ ಬೊಂಬೆಮನುಷ್ಯನ ಹಿಂದೆಯೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕಥೆಗಾರನು ‘ಒಬ್ಬ ಮುದುಕನಿದ್ದನು’ ಎಂದು ಬರೆದು ಮುಂದೆ ಸಾಗಬಹುದು. ಪಾತ್ರಶಿಲ್ಪಿಗೆ ಆ ಸೌಲಭ್ಯವಿಲ್ಲ. ಮುದುಕನು ಗಿಡ್ಡನೋ ನೀಳನೋ, ಬೆನ್ನು ಬಾಗಿದೆಯೋ ಇಲ್ಲವೋ, ಕನ್ನಡಕ ಮೂಗಿನ ಮೇಲೋ ಹಣೆಯ ಮೇಲೋ, ಚಪ್ಪಲಿಯ ಯಾವ ಕಡೆ ಹೆಚ್ಚು ಸವೆದಿದೆ ಎಂಬುದೆಲ್ಲವನ್ನೂ ಅವರು ನಿಶ್ಚಯಿಸಬೇಕು. ಬಳಿಕ ಅದೇ ಮುದುಕನನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ನಗುವಾಗ, ಸಿಡುಕುವಾಗ ಹೇಗಿರುತ್ತಾನೆಂದು ಒಂದೇ ಹಾಳೆಯಲ್ಲಿ ಬರೆದು ಕೊಡಬೇಕು. ‘ಮಾಡೆಲ್ ಷೀಟ್’ ಎಂಬ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ನೂರು ಕೈಗಳು ಬರೆದರೂ ಮುದುಕನು ಒಬ್ಬನೇ ಆಗಿ ಉಳಿಯಬೇಕು.

ಬೆಂಗಳೂರಿನಂಥ ಊರಿನಲ್ಲಿ ಇಂದು ಈ ಕೆಲಸಕ್ಕೆ ಮನಸೋತ ಹುಡುಗರೂ ಹುಡುಗಿಯರೂ ಸಾಕಷ್ಟು ಮಂದಿ ಇದ್ದಾರೆ. ಆನಿಮೇಷನ್ ಮತ್ತು ವಿಡಿಯೋ ಆಟಗಳ ಉದ್ಯಮಕ್ಕಾಗಿಯೇ ಕರ್ನಾಟಕ ಸರ್ಕಾರವು ೨೦೧೨ರಲ್ಲಿ ಒಂದು ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಆದರೂ ಮನೆಯ ಹಿರಿಯರ ಪ್ರಶ್ನೆ ಹಳೆಯದೇ: “ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?” ಈ ಪ್ರಶ್ನೆಗೆ ಹೆದರಿದ ಮಕ್ಕಳು ಉತ್ತರವನ್ನು ಸಲಕರಣೆಗಳಲ್ಲಿ ಹುಡುಕುತ್ತಾರೆ. ದುಬಾರಿಯ ಚಿತ್ರಫಲಕ ಬರುತ್ತದೆ. ಹೊಸ ಸಾಫ್ಟ್‌ವೇರ್ ಬರುತ್ತದೆ. ಆರು ತಿಂಗಳ ತರಗತಿಗೆ ಹಣ ಕಟ್ಟಿದ್ದಾಗುತ್ತದೆ. ಕೈ ಬೇಗನೆ ಚುರುಕಾಗುತ್ತದೆ. ನೆರಳು ಬೆಳಕು ಸೊಗಸಾಗಿ ಬೀಳುತ್ತದೆ, ಉಡುಪಿನ ಮಡಿಕೆ ನಿಜವೆಂಬಂತೆ ತೋರುತ್ತದೆ. ಆದರೆ ಪಾತ್ರ ಮಾತ್ರ ಬಟ್ಟೆ ಅಂಗಡಿಯ ಗಾಜಿನೊಳಗಿನ ಬೊಂಬೆಯಂತೆ ಸುಮ್ಮನೆ ನಿಂತಿರುತ್ತದೆ. ಕೊರತೆ ಕೈಯಲ್ಲಿಲ್ಲ, ಕಣ್ಣಿನಲ್ಲಿದೆ. ಈ ಕಲೆಯಲ್ಲಿ ಮುಂದುವರಿಯುವುದೆಂದರೆ ಮುಖ್ಯವಾಗಿ ಜನರನ್ನು ನೋಡಲು ಕಲಿಯುವುದು, ನೋಡಿದ್ದರಲ್ಲಿ ಬೇಡವಾದುದನ್ನು ಬಿಡಲು ಕಲಿಯುವುದು. ಉಳಿದದ್ದೆಲ್ಲ ಇದರ ಬೆನ್ನಿಗೆ ಬರತಕ್ಕದ್ದು.

ಈ ಮಾತಿಗೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ೧೯೨೧ರ ಅಕ್ಟೋಬರಿನಲ್ಲಿ ಮೈಸೂರಿನ ಹೆಡ್‌ಮಾಸ್ತರರೊಬ್ಬರ ಮನೆಯಲ್ಲಿ ಕೊನೆಯ ಮಗನಾಗಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಬಾಳೇ ಒಂದು ಪಾಠ. ಬಾಲ್ಯದಲ್ಲಿ ಅವರಿಗೆ ಹಾಳೆಯ ಹಂಗಿರಲಿಲ್ಲ. ನೆಲ, ಗೋಡೆ, ಬಾಗಿಲು ಎಲ್ಲವೂ ಚಿತ್ರಕ್ಕೆ ಒದಗುತ್ತಿದ್ದುವು. ಶಾಲೆಯಲ್ಲಿ ಅರಳಿಯ ಎಲೆಯೊಂದನ್ನು ಬರೆದು ಉಪಾಧ್ಯಾಯರಿಂದ ಮೆಚ್ಚಿಗೆ ಪಡೆದದ್ದನ್ನು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಕಿಟಕಿಯಾಚೆ ಬಿದ್ದ ಒಣ ಕಡ್ಡಿ, ಹರಿದಾಡುವ ಓತಿಕೇತ, ಸೌದೆ ಒಡೆಯುವ ಆಳು, ಎದುರು ಮನೆಯ ಮಾಡಿನ ಮೇಲೆ ಬಗೆಬಗೆಯ ಭಂಗಿಯಲ್ಲಿ ಕುಳಿತ ಕಾಗೆಗಳು ಇವೇ ಅವರ ಮೊದಲ ಗುರುಗಳು. ಕಾಗೆಯನ್ನಂತೂ ಅವರು ಜೀವಮಾನವಿಡೀ ಬಿಡಲಿಲ್ಲ. ಎಲ್ಲರೂ ಓಡಿಸುವ ಹಕ್ಕಿಯಲ್ಲಿ ಅವರು ಜಾಣತನವನ್ನೂ ಗತ್ತನ್ನೂ ಕಂಡರು. ಹಸುರಿನ ನಡುವೆ, ಬೂದುಬಣ್ಣದ ಗೋಡೆಯ ಮೇಲೆ ಎದ್ದು ಕಾಣುವ ಆ ಕರಿಯ ಆಕಾರದಲ್ಲಿ ಸೊಬಗನ್ನು ಕಂಡರು.

ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅವರು ಅರ್ಜಿ ಹಾಕಿದಾಗ, ಸೇರಿಸಿಕೊಳ್ಳಲು ತಕ್ಕ ಪ್ರತಿಭೆ ಚಿತ್ರಗಳಲ್ಲಿಲ್ಲವೆಂಬ ಉತ್ತರ ಬಂತು. ಅದರಿಂದ ಅವರು ಪೆನ್ಸಿಲನ್ನು ಕೆಳಗಿಡಲಿಲ್ಲ. ಮೈಸೂರಿನಲ್ಲಿಯೇ ಬಿ. ಎ. ಓದುತ್ತ, ಅಣ್ಣ ಆರ್. ಕೆ. ನಾರಾಯಣ್ ಅವರ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು, ಡಾ. ಎಂ. ಶಿವರಾಂ ಅವರು ನಡೆಸುತ್ತಿದ್ದ ಕನ್ನಡದ ನಗೆಪತ್ರಿಕೆ ‘ಕೊರವಂಜಿ’ಗೂ ಬರೆದರು. ಆ ದಿನಗಳಲ್ಲಿ ಅವರಿಗೆ ಪ್ರತ್ಯೇಕ ಕಲಾಶಾಲೆ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಬೀದಿ, ಸಂತೆ, ಕಚೇರಿಯ ಜಗಲಿ ಇವಕ್ಕೆ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ.

ಅವರ ಹೆಸರನ್ನು ಉಳಿಸಿದ ಪಾತ್ರ ಹುಟ್ಟಿದ ಬಗೆ ಇನ್ನೂ ಸ್ವಾರಸ್ಯವಾದದ್ದು. ‘ದಿ ಟೈಮ್ಸ್ ಆಫ್ ಇಂಡಿಯಾ’ದಲ್ಲಿ ೧೯೫೧ರಿಂದ ಬರತೊಡಗಿದ ಅವರ ನಿತ್ಯದ ವ್ಯಂಗ್ಯಚಿತ್ರದಲ್ಲಿ ದೇಶದ ಸಾಮಾನ್ಯ ಜನರನ್ನು ತೋರಿಸಬೇಕಾಗಿತ್ತು. ಭಾರತದ ಪ್ರಜೆ ಎಂದರೆ ಯಾರು? ಬಂಗಾಳಿಯೇ, ತಮಿಳನೇ, ಪಂಜಾಬಿಯೇ, ಮರಾಠಿಗನೇ? ಆರಂಭದಲ್ಲಿ ಅವರು ಎಲ್ಲರನ್ನೂ ಬರೆದರು. ಒಬ್ಬೊಬ್ಬನ ಉಡುಪು, ಪೇಟ, ಮೀಸೆ ಎಲ್ಲವನ್ನೂ ಬರೆದರು. ಆದರೆ ಪತ್ರಿಕೆಯ ಗಡುವು ಯಾರಿಗೂ ಕಾಯುವುದಿಲ್ಲ. ಹೊತ್ತು ಸಾಲದೆ ಗುಂಪಿನಲ್ಲಿ ಒಬ್ಬೊಬ್ಬರೇ ಕಡಿಮೆಯಾಗುತ್ತ ಬಂದರು. ಕೊನೆಗೆ ಉಳಿದವನು ಒಬ್ಬನೇ: ಬೋಳುತಲೆ, ಎರಡು ಪಕ್ಕದಲ್ಲಿ ಕೆದರಿದ ಬಿಳಿಗೂದಲು, ಪೊದೆಮೀಸೆ, ಕನ್ನಡಕ, ಚೌಕುಳಿಯ ಕೋಟು, ಧೋತರ. ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತ ನಿಂತ ಆ ವ್ಯಕ್ತಿ ಐದು ದಶಕಗಳಿಗೂ ಮೀರಿ ಲಕ್ಷಾಂತರ ಓದುಗರ ಬೆಳಗಿನ ಕಾಫಿಗೆ ಜೊತೆಯಾದನು. ೧೯೮೮ರಲ್ಲಿ ಅಂಚೆ ಚೀಟಿಯ ಮೇಲೂ ಬಂದನು. ಅವನನ್ನು ಸೃಷ್ಟಿಸಿದವರು ೨೦೧೫ರ ಜನವರಿ ೨೬ರಂದು ತೀರಿಕೊಂಡರು. ಪುಣೆಯಲ್ಲಿ ಮತ್ತು ಮುಂಬಯಿಯ ವರ್ಲಿ ಕಡಲತಡಿಯಲ್ಲಿ ಅವನ ಪ್ರತಿಮೆಗಳಿವೆ.

ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಸಾಮಾನ್ಯ ಮನುಷ್ಯನನ್ನು ಲಕ್ಷ್ಮಣ್ ಅವರು ಒಂದೇ ಸಂಜೆ ಕುಳಿತು ಕಲ್ಪಿಸಲಿಲ್ಲ. ಗುಂಪನ್ನೆಲ್ಲ ಬರೆದು, ಸೋಸಿ, ಅವನನ್ನು ಉಳಿಸಿಕೊಂಡರು. ಬಿಡುವುದಕ್ಕೂ ಮೊದಲು ಕೈಯಲ್ಲಿ ಏನಾದರೂ ಇರಬೇಕಷ್ಟೆ. ಏನನ್ನೂ ನೋಡದೆ ಸರಳವಾಗಿ ಬರೆದ ಚಿತ್ರಕ್ಕೂ, ನೂರು ಜನರನ್ನು ನೋಡಿ ಸರಳಗೊಳಿಸಿದ ಚಿತ್ರಕ್ಕೂ ರೇಖೆಗಳ ಸಂಖ್ಯೆ ಒಂದೇ ಆಗಿರಬಹುದು. ಆದರೂ ಮೊದಲನೆಯದು ಬಡಕಲಾಗಿ ಕಾಣುತ್ತದೆ, ಎರಡನೆಯದು ತುಂಬಿ ನಿಲ್ಲುತ್ತದೆ. ಹೊಸಬರು ತಮ್ಮ ಪಾತ್ರಗಳಿಗೆ ಕತ್ತಿ, ಸರ, ಪದಕ, ಹಚ್ಚೆ, ಮೂರು ಬಗೆಯ ಕಿವಿಯೋಲೆ ಎಲ್ಲವನ್ನೂ ತೊಡಿಸುವುದುಂಟು. ಒಡವೆ ಹೆಚ್ಚಾದಷ್ಟೂ ಮದುಮಗಳ ಮುಖ ಮರೆಯಾಗುವುದೆಂದು ಮದುವೆಮನೆಯ ಅಜ್ಜಿಯರಿಗೂ ಗೊತ್ತು.

ಅತಿಯಾದ ಅಲಂಕಾರವನ್ನು ಪತ್ತೆಹಚ್ಚಲು ಈ ವೃತ್ತಿಯವರು ಒಂದು ಪರೀಕ್ಷೆ ಇಟ್ಟುಕೊಂಡಿದ್ದಾರೆ. ಬರೆದ ಪಾತ್ರದ ಒಳಗನ್ನೆಲ್ಲ ಕಪ್ಪು ಬಣ್ಣದಿಂದ ತುಂಬಿಬಿಡಬೇಕು. ಕಣ್ಣು, ಮೂಗು, ಗುಂಡಿ, ಕಸೂತಿ ಎಲ್ಲವೂ ಮಾಯವಾಗಿ ಹೊರಗೆರೆ ಮಾತ್ರ ಉಳಿಯುತ್ತದೆ. ಅದನ್ನು ನೋಡಿ ಪಾತ್ರ ಯಾರು, ಏನು ಮಾಡುತ್ತಿದೆ ಎಂದು ಹೇಳಲಾದರೆ ಕೆಲಸ ಸರಿ. ಇಲ್ಲವಾದರೆ ಮತ್ತೆ ಮೊದಲಿಂದ. ಹೊಸ ವಿದ್ಯೆಯೆಂಬಂತೆ ಹೇಳಿಕೊಡುವ ಈ ಪರೀಕ್ಷೆಯನ್ನು ಕನ್ನಡ ನಾಡಿನ ಕಲಾವಿದರು ಬಹುಕಾಲದಿಂದ ಬಲ್ಲರು. ತೊಗಲುಗೊಂಬೆಯವನ ಇಡೀ ಲೋಕವೇ ತೆರೆಯ ಮೇಲಿನ ನೆರಳು. ರಾವಣನ ಹತ್ತು ತಲೆ, ಹನುಮಂತನ ಬಾಲ, ಸೀತೆಯ ಬಾಗಿದ ಕೊರಳು ಎಲ್ಲವೂ ಹೊರಗೆರೆಯಲ್ಲಿಯೇ ಮಾತಾಡಬೇಕು. ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರವೂ ಬದಲಾಗುತ್ತದೆ. ದೇವರಿಗೂ ದೊರೆಗೂ ದೊಡ್ಡ ತೊಗಲು, ಸೇವಕನಿಗೆ ಸಣ್ಣದು.

ಯಕ್ಷಗಾನದ ಚೌಕಿಯಲ್ಲಿಯೂ ಇದೇ ವಿವೇಕ. ದೊಂದಿಯ ಬೆಳಕಿನಲ್ಲಿ, ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೂ ರಂಗಕ್ಕೆ ಬಂದವರು ಯಾರೆಂದು ತಿಳಿಯಬೇಕಾಗಿತ್ತು. ಆದುದರಿಂದ ಅಭಿಮನ್ಯುವಿನಂಥ ಎಳೆಯ ವೀರನಿಗೆ ಕೇದಗೆ ಮುಂದಲೆ, ಬಣ್ಣದ ವೇಷದ ರಕ್ಕಸನಿಗೆ ಬೃಹತ್ತಾದ ಕಿರೀಟ, ಮುಖದ ತುಂಬ ಅಕ್ಕಿಹಿಟ್ಟಿನಿಂದ ಚುಕ್ಕಿ ಚುಕ್ಕಿಯಾಗಿ ಇಟ್ಟ ಚಿಟ್ಟಿ. ತಲೆಯ ಮೇಲಿನ ಆಕಾರ ಕಂಡೊಡನೆ ಮಕ್ಕಳು ಅಮ್ಮನ ಮಡಿಲಿಗೆ ಸರಿಯುವುದೋ ಎದ್ದು ಕೂರುವುದೋ ನಿಶ್ಚಯವಾಗುತ್ತಿತ್ತು. ಪಾತ್ರ ರಚನೆಯನ್ನು ಕಲಿಯಬಯಸುವವರು ಒಂದು ರಾತ್ರಿ ಆಟ ನೋಡಿ, ಪ್ರತಿಯೊಂದು ವೇಷದ ಹೊರಗೆರೆಯನ್ನು ಮಾತ್ರ ಬರೆದುಕೊಂಡು ಬಂದರೆ, ಒಂದು ತಿಂಗಳ ಪಾಠ ಬೆಳಗಿನೊಳಗೆ ಮುಗಿದಿರುತ್ತದೆ.

ಹೊರಗೆರೆಯ ಬಳಿಕ ಆಕಾರದ ಮಾತು. ವಾಲ್ಟ್ ಡಿಸ್ನಿಯವರ ಸಂಸ್ಥೆಯಿಂದ ೧೯೨೮ರಲ್ಲಿ ಹೊರಬಂದ ಮಿಕ್ಕಿ ಮೌಸ್ ಬಹುತೇಕ ವೃತ್ತಗಳ ಕೂಟ: ತಲೆ ವೃತ್ತ, ಕಿವಿಗಳು ವೃತ್ತ, ಹೊಟ್ಟೆ ವೃತ್ತ. ಅದನ್ನು ರೂಪಿಸಿದ ಅಬ್ ಐವರ್ಕ್ಸ್ ಅವರಿಗೆ ಅದರಿಂದ ಕೆಲಸವೂ ಬೇಗ ಸಾಗುತ್ತಿತ್ತು. ನೋಡುವವರಿಗೂ ಇಲಿ ಎಂಬ ಅಸಹ್ಯ ಹೋಗಿ ಮುದ್ದು ಬರುತ್ತಿತ್ತು. ಮರುವರ್ಷ ಅದರ ಕೈಗೆ ಬಿಳಿಯ ಗವಸು ಬಂತು. ಕರಿಯ ಮೈಯ ಮೇಲೆ ಕರಿಯ ಕೈ ಬಂದಾಗ ಕಾಣದೆ ಹೋಗುತ್ತಿದ್ದ ತೊಡಕು ಅದರಿಂದ ನಿವಾರಣೆಯಾಯಿತು. ಹತ್ತು ವರ್ಷಗಳ ಬಳಿಕ ಫ್ರೆಡ್ ಮೂರ್ ಎಂಬ ಕಲಾವಿದರು ಹೊಟ್ಟೆಯ ವೃತ್ತವನ್ನು ಪೇರಳೆಯ ಆಕಾರಕ್ಕೆ ಬಗ್ಗಿಸಿ, ಕಣ್ಣಿಗೆ ಬಿಳಿಯ ಭಾಗವನ್ನು ಕೊಟ್ಟರು. ಮೊದಲು ಆಡುತ್ತಿದ್ದ ಇಲಿ ಆಗ ಯೋಚಿಸುವಂತೆಯೂ ತೋರಿತು. ಲೋಕಪ್ರಸಿದ್ಧವಾದ ಪಾತ್ರವೂ ಒಂದೇ ಬಾರಿಗೆ ಸಿದ್ಧವಾಗಿ ಬರಲಿಲ್ಲವೆಂಬುದು ಹೊಸಬರಿಗೆ ಧೈರ್ಯ ತರುವ ಸಂಗತಿ.

ವೃತ್ತ ಮುದ್ದಿಗೆ, ಚೌಕ ಹಟಕ್ಕೆ, ತ್ರಿಕೋನ ಕೇಡಿಗೆ ಎಂಬ ಸೂತ್ರವೊಂದು ಪಾಠಪುಸ್ತಕಗಳಲ್ಲಿದೆ. ಸೂತ್ರ ಸುಳ್ಳಲ್ಲ. ೨೦೦೯ರ ‘ಅಪ್’ ಎಂಬ ಚಿತ್ರದಲ್ಲಿ ಹೆಂಡತಿಯನ್ನು ಕಳೆದುಕೊಂಡ ಮುದುಕ ಕಾರ್ಲ್‌ನ ತಲೆ ಚೌಕ, ಕನ್ನಡಕ ಚೌಕ, ಕುಳಿತುಕೊಳ್ಳುವ ಕುರ್ಚಿಯೂ ಚೌಕ. ತೀರಿಕೊಂಡ ಹೆಂಡತಿಯ ಕುರ್ಚಿ, ಭಾವಚಿತ್ರ ಇವೆಲ್ಲ ದುಂಡು. ಮನೆಯನ್ನು ಹೊತ್ತು ಹಾರುವ ಬಲೂನುಗಳೂ ದುಂಡು. ಅವನು ಕಳೆದುಕೊಂಡದ್ದು ಏನೆಂಬುದನ್ನು ಮಾತಿಲ್ಲದೆ ಆಕಾರಗಳೇ ಹೇಳಿಬಿಡುತ್ತವೆ. ಹೀಗೆ ಸೂತ್ರವು ಕಥೆಯ ನೋವಿಗೆ ಸೇವಕನಾಗಿ ನಿಂತಾಗ ಚೆಲುವು. ಕಥೆಯೇ ಸೂತ್ರಕ್ಕೆ ಸೇವಕನಾದರೆ ಎಲ್ಲ ಕೇಡಿಗರಿಗೂ ಒಂದೇ ಚೂಪುಗದ್ದ.

ಒಬ್ಬನನ್ನು ಬರೆಯುವುದು ಸುಲಭ. ಏಳು ಜನರನ್ನು ಒಟ್ಟಿಗೆ ಬರೆಯುವುದು ಕಷ್ಟ. ೧೯೩೭ರ ಡಿಸೆಂಬರಿನಲ್ಲಿ ತೆರೆಕಂಡ ‘ಸ್ನೋ ವೈಟ್’ ಚಿತ್ರದ ಏಳು ಕುಳ್ಳರು ಈ ದೃಷ್ಟಿಯಿಂದ ಅಭ್ಯಾಸಯೋಗ್ಯರು. ಎಲ್ಲರೂ ಗಿಡ್ಡರು, ಎಲ್ಲರಿಗೂ ಟೋಪಿ, ಎಲ್ಲರದೂ ಗಣಿಯ ಕೆಲಸ. ಆದರೂ ಕನ್ನಡಕ ಒಬ್ಬನಿಗೆ ಮಾತ್ರ, ಗಡ್ಡವಿಲ್ಲದವನು ಒಬ್ಬನು ಮಾತ್ರ, ಸಿಡುಕನಿಗೆ ಉಳಿದವರಿಗಿಂತ ದೊಡ್ಡ ಮೂಗು. ಗಡ್ಡವಿಲ್ಲದ ಆ ಡೋಪಿಗೆ ಮಾತೂ ಇಲ್ಲ. ಲಕ್ಷ್ಮಣ್ ಅವರ ಸಾಮಾನ್ಯ ಮನುಷ್ಯನಂತೆ ಅವನೂ ಮೂಕನಾಗಿಯೇ ಎಲ್ಲರ ಮನಸ್ಸನ್ನು ಗೆದ್ದನು. ಒಂದು ಪಾತ್ರ ಏನೆಂಬುದು ಅದರ ಪಕ್ಕದಲ್ಲಿ ನಿಂತವರಿಂದ ತಿಳಿಯುತ್ತದೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಅದೇ ಮೂಗು, ಅದೇ ಹಣೆ ಹೊತ್ತ ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬನು ಊಟದೆಲೆಯ ಮುಂದೆ ಕೂರುವ ರೀತಿಯೇ ಇನ್ನೊಬ್ಬನದಲ್ಲ.

ಹೆಸರು ಮಾಡಿದ ಮೇಲೆ ಕಲಿಕೆ ಮುಗಿಯುವುದೆಂದು ತಿಳಿದವರಿಗೆ ಡಿಸ್ನಿ ಸಂಸ್ಥೆಯ ಇನ್ನೊಂದು ಸಂಗತಿ ಉಪಯುಕ್ತ. ೧೯೩೨ರಲ್ಲಿ ಡಾನ್ ಗ್ರಹಾಂ ಎಂಬ ಕಲಾಶಿಕ್ಷಕರನ್ನು ಕರೆಸಿ, ಸಂಬಳ ಪಡೆಯುತ್ತಿದ್ದ ಕಲಾವಿದರಿಗೇ ಸಂಜೆಯ ತರಗತಿಗಳನ್ನು ಅಲ್ಲಿ ಆರಂಭಿಸಿದರು. ಹಗಲೆಲ್ಲ ಇಲಿ ಬಾತುಗಳನ್ನು ಬರೆದು ದಣಿದವರು ರಾತ್ರಿ ನಿಜವಾದ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಮೂಳೆ ಸ್ನಾಯುಗಳನ್ನು ಬರೆದರು. ೧೯೪೨ರ ‘ಬ್ಯಾಂಬಿ’ ಚಿತ್ರಕ್ಕಾಗಿ ಮೇಯ್ನ್ ಪ್ರಾಂತದಿಂದ ಎರಡು ಜಿಂಕೆಮರಿಗಳನ್ನೇ ತರಿಸಿದ್ದರು. ರಿಕೋ ಲೆಬ್ರನ್ ಎಂಬ ಚಿತ್ರಕಾರರು ಜಿಂಕೆಯ ಅಂಗರಚನೆಯನ್ನು ಪಾಠ ಹೇಳಿದರು. ಕಾಲು ಎಲ್ಲಿ ಮಡಿಯುತ್ತದೆ, ಭಾರ ಯಾವ ಗೊರಸಿನ ಮೇಲೆ ಬೀಳುತ್ತದೆ ಎಂದು ಬಲ್ಲವನಿಗೆ ಮಾತ್ರ ಜಾರಿ ಬೀಳುವ ಮರಿಜಿಂಕೆಯನ್ನು ನಗು ಬರುವಂತೆ ಬರೆಯಲು ಸಾಧ್ಯ. ನಿಜವನ್ನು ಉತ್ಪ್ರೇಕ್ಷಿಸುವುದಕ್ಕೂ ಮೊದಲು ನಿಜ ತಿಳಿದಿರಬೇಕು.

ಹಾಗಾದರೆ ಮನೆಯಲ್ಲಿರುವ ಕಲಿಕೆಯವರು ಮಾಡತಕ್ಕದ್ದೇನು? ಮೊದಲನೆಯದು, ಜೇಬಿಗೆ ಹಿಡಿಸುವ ಒಂದು ಪುಸ್ತಕ, ಒಂದು ಪೆನ್ಸಿಲು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮಾರುಕಟ್ಟೆಯಲ್ಲಿ ದಿನಕ್ಕೆ ಹತ್ತು ಜನರನ್ನು, ಒಬ್ಬರಿಗೆ ಅರ್ಧ ನಿಮಿಷದಂತೆ ಬರೆಯಬೇಕು. ಅರ್ಧ ನಿಮಿಷದಲ್ಲಿ ಮೂಗಿನ ಹೊಳ್ಳೆ ಬರೆಯಲಾಗದು. ಆದುದರಿಂದ ಕೈ ತಾನಾಗಿಯೇ ಮುಖ್ಯವಾದುದನ್ನು ಹಿಡಿಯುತ್ತದೆ. ನಿದ್ದೆ ತೂಗುವವನ ಕತ್ತು, ಚಿಲ್ಲರೆ ಎಣಿಸುವ ಕಂಡಕ್ಟರರ ಮೊಣಕೈ, ಹೊಸ ಸೀರೆಯುಟ್ಟವಳು ನೆರಿಗೆಯ ಕಡೆಗೆ ಒಂದು ಕಣ್ಣಿಟ್ಟು ನಡೆಯುವ ರೀತಿ ಇವುಗಳಿಂದ ಪುಸ್ತಕ ತುಂಬಲಿ. ಎರಡನೆಯದು, ಒಂದು ಪಾತ್ರ ಬೇಕಾದರೆ ಇಪ್ಪತ್ತನ್ನು ಬರೆಯುವುದು. ಮೊದಲ ಐದು ಎಲ್ಲಿಯೋ ನೋಡಿದ ಚಿತ್ರಗಳ ಎಂಜಲು, ಮುಂದಿನವು ಬೇಸರದವು, ಹನ್ನೆರಡನೆಯದರ ಬಳಿಕವೇ ಸ್ವಂತದ್ದು ಹೊರಡುವುದು.

ಮೂರನೆಯದು, ಪಾತ್ರವನ್ನು ನೆಟ್ಟಗೆ ನಿಲ್ಲಿಸಿ ಬಿಡದೆ ಅದಕ್ಕೊಂದು ಕೆಲಸ ಕೊಡುವುದು. ಬಿಸಿ ಕಾಫಿಯ ಲೋಟ ಹಿಡಿಯಲಿ, ಮಳೆಯಲ್ಲಿ ಕೊಡೆ ಮುರಿಯಲಿ, ಸಾಲ ಕೊಟ್ಟವನು ಎದುರಿಗೆ ಬರಲಿ. ಅದು ಆಗ ಏನು ಮಾಡುವುದೆಂದು ಬರೆಯುವವರಿಗೆ ಗೊತ್ತಿಲ್ಲದಿದ್ದರೆ, ಆ ಪಾತ್ರ ಇನ್ನೂ ಹುಟ್ಟಿಲ್ಲವೆಂದೇ ಅರ್ಥ. ಅವನ ಜೇಬಿನಲ್ಲಿ ಏನಿದೆ, ಅವಳು ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಳೋ ಪರ್ಸಿನಲ್ಲಿಡುವಳೋ ಎಂಬ ಪ್ರಶ್ನೆಗಳು ಚಿತ್ರದಲ್ಲಿ ಕಾಣದಿರಬಹುದು. ಅವುಗಳ ಉತ್ತರ ಭುಜದ ಬಾಗಿನಲ್ಲಿ ಕಾಣುತ್ತದೆ. ನಾಲ್ಕನೆಯದು, ಬರೆದದ್ದನ್ನು ಆರು ವರ್ಷದ ಮಗುವಿಗೆ ತೋರಿಸುವುದು. “ಈ ಮಾಮ ಯಾಕೆ ಕೋಪ ಮಾಡಿಕೊಂಡಿದ್ದಾರೆ?” ಎಂದು ಮಗು ಕೇಳಿದರೆ, ಕೋಪ ಬರೆದವರು ಗೆದ್ದರು, ನಗು ಬರೆದವರು ಮತ್ತೆ ಕುಳಿತುಕೊಳ್ಳಬೇಕು. ಮಗುವಿಗೆ ದಾಕ್ಷಿಣ್ಯವಿಲ್ಲ, ವಿಮರ್ಶಕನಿಗೆ ಇರಬೇಕಾದ ಮುಖ್ಯ ಗುಣವೂ ಅದೇ.

ಇಷ್ಟೆಲ್ಲ ಕೈಚಳಕ ಒದಗಿದ ಮೇಲೆಯೂ ಒಂದು ಹೊಣೆ ಉಳಿದಿರುತ್ತದೆ. ಚಿತ್ರದಲ್ಲಿ ಕಂಡದ್ದನ್ನು ಮಕ್ಕಳು ಲೋಕದ ನಿಯಮವೆಂದು ನಂಬುತ್ತಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ೧೯೬೭ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥಾ’ ಮಾಲೆಯಿಂದ ಪುರಾಣಗಳ ಪರಿಚಯ ಪಡೆದ ಮನೆಗಳು ಎಷ್ಟೋ. ಆ ಉಪಕಾರ ದೊಡ್ಡದು. ಆದರೆ ಅದರ ಪುಟಗಳಲ್ಲಿ ರಕ್ಕಸರು ಕಪ್ಪಾಗಿಯೂ ನಾಯಕ ನಾಯಕಿಯರು ಬೆಳ್ಳಗೂ ಇದ್ದುದನ್ನು ವಿದ್ವಾಂಸರು ಮುಂದೆ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಕೃಷ್ಣ ಎಂಬ ಹೆಸರಿಗೆ ಕಪ್ಪು ಎಂದು ಅರ್ಥ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದೂ ಮೈಬಣ್ಣದಿಂದ. ವ್ಯಾಸರು ಕಂಡ ಚೆಲುವು ಚಿತ್ರಕಾರರ ಬಣ್ಣದ ಬಟ್ಟಲಿಗೆ ಬರುವಷ್ಟರಲ್ಲಿ ಎಲ್ಲಿಯೋ ಸೋರಿಹೋಗಿತ್ತು. ದಪ್ಪಗಿರುವವನು ಪೆದ್ದ, ಕುಂಟುವವನು ಕೇಡಿಗ, ಕನ್ನಡಕದ ಹುಡುಗಿ ಒಣಪಂಡಿತೆ ಎಂಬುವೂ ಇಂಥವೇ. ಇವು ಅಗ್ಗದ ಗುರುತುಗಳು. ಬೇಗ ಅರ್ಥವಾಗುತ್ತವೆ, ಅದಕ್ಕಾಗಿಯೇ ಅಪಾಯಕರ. ತನ್ನಂತೆಯೇ ಕಾಣುವವನು ಪ್ರತಿಯೊಂದು ಕಥೆಯಲ್ಲಿಯೂ ಪೆಟ್ಟು ತಿನ್ನುವುದನ್ನು ನೋಡುತ್ತ ಬೆಳೆದ ಮಗುವಿನ ಮನಸ್ಸಿಗೆ ಬಿದ್ದ ಗೀರನ್ನು ಯಾವ ರಬ್ಬರೂ ಅಳಿಸಲಾರದು.

ಅಗ್ಗದ ಗುರುತು ಹುಟ್ಟುವುದು ದ್ವೇಷದಿಂದಲೇ ಎಂದಲ್ಲ, ಬಹುಮಟ್ಟಿಗೆ ಸೋಮಾರಿತನದಿಂದ. ಮನುಷ್ಯನನ್ನು ನೋಡದೆ, ಹಿಂದಿನವರು ಬರೆದ ಮನುಷ್ಯನನ್ನು ನೋಡಿ ಬರೆದಾಗ ತಪ್ಪು ಪರಂಪರೆಯಾಗುತ್ತದೆ. ಹೀಗಾಗಿ ನೋಡುವ ಅಭ್ಯಾಸವು ಕುಶಲತೆಗೆ ಮಾತ್ರವಲ್ಲ, ನ್ಯಾಯಕ್ಕೂ ಬೇಕು. ಲಕ್ಷ್ಮಣ್ ಅವರ ಸಾಮಾನ್ಯ ಮನುಷ್ಯನು ಯಾವೊಂದು ಪ್ರಾಂತಕ್ಕೂ ಸೇರದೆ ಎಲ್ಲರವನಾದದ್ದು, ಅವರು ಪ್ರತಿಯೊಂದು ಪ್ರಾಂತದವನನ್ನೂ ಮೊದಲು ಬರೆದು ನೋಡಿದ್ದರಿಂದ.

ಈಚಿನ ವರ್ಷಗಳಲ್ಲಿ ಇನ್ನೊಂದು ಭಯ ಬಂದು ಸೇರಿದೆ. ನಾಲ್ಕು ಮಾತು ಟೈಪು ಮಾಡಿದರೆ ಸಾಕು, ಕೃತಕ ಬುದ್ಧಿಯ ಯಂತ್ರವು ಕ್ಷಣದಲ್ಲಿ ಹತ್ತಾರು ಪಾತ್ರಗಳನ್ನು ಬರೆದು ಮುಂದಿಡುತ್ತದೆ. ಇನ್ನು ಮಗಳು ಕಲಿತೇನು ಪ್ರಯೋಜನವೆಂದು ತಂದೆ ಕೇಳಿದರೆ ಅವರನ್ನು ದೂರುವಂತಿಲ್ಲ. ಕೆಲಸಗಳು ಕೈತಪ್ಪುತ್ತಿರುವುದೂ ನಿಜ. ಆದರೆ ಯಂತ್ರವು ಕಲಿತಿರುವುದು ಹಿಂದೆ ಬರೆದಿಟ್ಟ ಚಿತ್ರಗಳಿಂದ. ಕಪ್ಪು ರಕ್ಕಸ, ಚೂಪುಗದ್ದದ ಕೇಡಿಗ ಇವರೆಲ್ಲ ಅದರ ಉಗ್ರಾಣದಲ್ಲಿ ಮೂಟೆಗಟ್ಟಲೆ ಇದ್ದಾರೆ. ಈ ಬೆಳಿಗ್ಗೆ ಬಸ್ಸಿನಲ್ಲಿ, ಮಗನ ಸಂದರ್ಶನಕ್ಕೆಂದು ಜೊತೆಯಲ್ಲಿ ಹೊರಟು, ಅವನ ಸರ್ಟಿಫಿಕೇಟುಗಳ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಿಂದಲೂ ಅದನ್ನು ಒತ್ತಿ ಹಿಡಿದಿದ್ದ ತಂದೆ ಅಲ್ಲಿಲ್ಲ. ಅವನನ್ನು ಯಾರಾದರೂ ನೋಡಿ ಬರೆದರೆ ಉಂಟು, ಇಲ್ಲವಾದರೆ ಇಲ್ಲ. ಹತ್ತಾರು ಚಿತ್ರಗಳಲ್ಲಿ ಯಾವುದು ನಿಜ, ಯಾವುದು ಬರಿಯ ಅಚ್ಚು ಎಂದು ಆರಿಸಲೂ ಅಂಥ ಕಣ್ಣೇ ಬೇಕು.

ಹೊಟ್ಟೆ ತುಂಬುವುದೇ ಎಂಬ ಹಿರಿಯರ ಪ್ರಶ್ನೆಗೆ ಹೌದೆಂದು ಭರವಸೆ ಕೊಡುವ ಧೈರ್ಯ ಯಾರಿಗೂ ಬಾರದು. ಚಿತ್ರಕಲೆ ಎಂದೂ ಸುಖದ ಉದ್ಯೋಗವಾಗಿರಲಿಲ್ಲ. ಆದರೆ ಆರು ತಿಂಗಳು ದಿನಕ್ಕೆ ಹತ್ತು ಜನರನ್ನು ನಿಷ್ಠೆಯಿಂದ ನೋಡಿ ಬರೆದ ಹುಡುಗನು ಮನೆಯಲ್ಲಿಯೂ ಬೇರೆಯೇ ಆಗಿ ಕಾಣುತ್ತಾನೆ. ಅಜ್ಜಿ ಎರಡು ಮೆಟ್ಟಿಲು ಹತ್ತಿ ಏಕೆ ನಿಲ್ಲುತ್ತಾಳೆಂದು ಅವನು ಗಮನಿಸುತ್ತಾನೆ. ಅಡಿಗೆಮನೆಯಿಂದ ಬರುವ ಅಮ್ಮ ಸೊಂಟದ ಮೇಲೆ ಕೈಯಿಟ್ಟದ್ದು ಕೋಪಕ್ಕಲ್ಲ, ನೋವಿಗೆ ಎಂಬುದು ಅವನಿಗೆ ಗೊತ್ತಾಗುತ್ತದೆ. ಕೊಡವನ್ನು ಅವನೇ ಎತ್ತಿಡುತ್ತಾನೆ. ಅವನು ದೊಡ್ಡ ಕಲಾವಿದನಾಗಬಹುದು, ಆಗದೆಯೂ ಹೋಗಬಹುದು. ಕಲಿತದ್ದರಲ್ಲಿ ಇಷ್ಟು ಭಾಗ ಮಾತ್ರ ಯಾವ ಕಾಲಕ್ಕೂ ನಷ್ಟವಾಗುವುದಿಲ್ಲ.